ಬಿಡಿಸಿ ಹೇಳುತ್ತಿದ್ದ ಮಡಿವಾಳೆಪ್ಪ

ನಮ್ಮೂರಿಗೆ ಜೀಪು ಬಂತೆಂದರೆ ನಮ್ಮ ಮಡಿವಾಳೆಪ್ಪ ಕಾಕಾ ಹಗ್ಗ ಹೊಸೆಯಲು ಕೂಡುತ್ತಾನೆ. ಪುಂಡಿನಾರು ಮುಗಿದಿದ್ದರೆ ಹೊಸೆದಿಟ್ಟ ಹಗ್ಗವನ್ನೇ ಬಿಚ್ಚಿ ಮತ್ತೆ ಹೊಸೆಯುತ್ತಾನೆ. ಜೀಪಿನಿಂದ ಇಳಿದವರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡವರಿರಲಿ, ಬಗಲಲ್ಲಿ ಫೈಲು ಇಟ್ಟುಕೊಂಡವರಿರಲಿ, ಊರವರು ಅವರನ್ನು ನೇರವಾಗಿ ಬಸವಣ್ಣನ ಗುಡಿಯ ಕಟ್ಟೆಗೆ ಕಳಿಸುತ್ತಾರೆ. ಬಂದವರು ನಿಂತು, "ನಿಮ್ಮೂರಿನ ಮೊಹರಂ ಬಗ್ಗೆ ಸ್ವಲ್ಪ ತಿಳಿಸಿಕೊಡಬೇಕಿತ್ತು," ಅನ್ನುತ್ತಾರೆ. ಕಾಕಾ ತಲೆ ಎತ್ತದೆ, "ನನಗೇನೂ ಗೊತ್ತಿಲ್ರಿ," ಅನ್ನುತ್ತಾನೆ.

ಹೋದ ತಿಂಗಳು ಬಂದುಹೋದವನೊಬ್ಬ ತನ್ನ ಪತ್ರಿಕೆಯಲ್ಲಿ ಬರೆದ: ಹಳ್ಳಿಯ ಹಿರಿಯರಿಗೆ ತಮ್ಮ ಪರಂಪರೆಯ ಅರಿವೇ ಉಳಿದಿಲ್ಲ ಎಂದು. ಓದಿ ನನಗೆ ಹೇಸಿಗೆಯಾಯಿತು. ಪರಂಪರೆಯಂತೆ, ಅರಿವಂತೆ. ಈ ಮನುಷ್ಯ ಒಂದು ಕಾಲಕ್ಕೆ ಬಾಯಿ ಮುಚ್ಚಿಕೊಂಡಿರುತ್ತಿದ್ದದ್ದು ಲಿಂಗಪೂಜೆ ಮಾಡುವಾಗ ಮತ್ತು ಉಣ್ಣುವಾಗ ಮಾತ್ರ. ಉಣ್ಣುವಾಗಲೂ ಮುಚ್ಚುತ್ತಿರಲಿಲ್ಲ ಎಂದು ಅವನ ಹೆಂಡತಿ ಕಸ್ತೂರೆವ್ವ ಕಾಕು ಹೇಳುತ್ತಾಳೆ. ನಾನು ಅವನ ಅಣ್ಣನ ಮಗ, ಇದೇ ಊರಿನ ಶಾಲೆಯಲ್ಲಿ ಮಾಸ್ತರ. ಅವನ ಬಾಯಿ ಮುಚ್ಚಿಸಿದವರು ಯಾರು ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿದವನು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಸಭ್ಯತೆ ತಪ್ಪಿದರೆ ತಪ್ಪಲಿ.

ನಮ್ಮದು ಬೆಣ್ಣಿಹಳ್ಳದ ದಂಡೆಯ ಎರೆಮಣ್ಣಿನ ಊರು. ಮಳೆ ಬಿತ್ತೆಂದರೆ ಬಸ್ಸು ಬರುವುದಿಲ್ಲ, ಬಂದ ಬಸ್ಸು ಹೋಗುವುದಿಲ್ಲ. ಲಿಂಗವಂತರ ಮನೆಗಳು, ಕುರುಬರ ಮನೆಗಳು, ಇನ್ನೂ ಕೆಲವು. ಮುಸಲರ ಮನೆ ಒಂದೇ ಒಂದಿತ್ತು, ಮುಲ್ಲಾ ಇಮಾಮಹುಸೇನನದು. ಅವನು, ಅವನ ಹೆಂಡತಿ ಮೈಮುನಬಿ. ಮಗಳನ್ನು ಎಂದೋ ಗದಗಿಗೆ ಕೊಟ್ಟಿದ್ದರು. ಊರದೇವತೆ ದುರ್ಗವ್ವನಿಗೆ ಕುರಿ ಕೊಯ್ಯುವವನು ಇಮಾಮಹುಸೇನ. ಕೂಸು ಹಟ ಮಾಡಿದರೆ ತಾಯಂದಿರು ಸಕ್ಕರೆಗೆ ದುವಾ ಓದಿಸಿಕೊಂಡು ಬರಲು ಓಡುತ್ತಿದ್ದದ್ದೂ ಅವನ ಹತ್ತಿರವೇ. ಸುಗ್ಗಿಯಲ್ಲಿ ಪ್ರತಿ ಕಣದಲ್ಲೂ ಬಡಿಗನಿಗೆ, ಕಮ್ಮಾರನಿಗೆ ಕೊಡುವಂತೆ ಅವನಿಗೂ ಆಯ ಅಳೆದುಕೊಡುತ್ತಿದ್ದರು. ಆ ಜೋಳದಲ್ಲೇ ಅವನ ವರ್ಷ ಸಾಗುತ್ತಿತ್ತು.

ಕಾಕಾ ಮತ್ತು ಇಮಾಮಹುಸೇನ ಎಮ್ಮೆ ಕಾಯುವ ವಯಸ್ಸಿನಿಂದ ಜೊತೆಗಾರರು. ಇಮಾಮಹುಸೇನ ಉದ್ದನೆಯ, ನಿಧಾನದ ಮನುಷ್ಯ. ಏನು ಕೇಳಿದರೂ ಮೊದಲು "ಹೂಂ" ಅನ್ನುವವನು, ಬಹಳ ಸಲ ಅಷ್ಟಕ್ಕೇ ನಿಲ್ಲಿಸುವವನು. ಇಬ್ಬರ ಪಾಲಿನ ಮಾತನ್ನೂ ಕಾಕಾನೇ ಆಡಿ ಮುಗಿಸುತ್ತಿದ್ದ. ಬಿಡಿಸಿ ಹೇಳುವುದೆಂದರೆ ಕಾಕಾನಿಗೆ ಪ್ರಾಣ. ಬಸ್ಸಿನಲ್ಲಿ ಪಕ್ಕ ಕುಳಿತವನಿಗೆ ಎರೆಹೊಲ ಯಾಕೆ ಬಿರಿಯುತ್ತದೆ ಎಂದು ಬಿಡಿಸಿ ಹೇಳುವನು. ಬೀಗರಿಗೆ ಅವರದೇ ಮನೆತನ ಎಲ್ಲಿಂದ ಬಂತು ಎಂದು ಬಿಡಿಸಿ ಹೇಳುವನು. ಕೇಳುವವರು ಆಕಳಿಸಿದರೆ ತಾನು ಸರಿಯಾಗಿ ಹೇಳಲಿಲ್ಲವೆಂದುಕೊಂಡು ಮೊದಲಿನಿಂದ ಶುರು ಮಾಡುವನು.

ಇಂಥವನ ಕೈಗೆ ಹುಬ್ಬಳ್ಳಿಯ ವರದಿಗಾರನೊಬ್ಬ ಸಿಕ್ಕ. ಎಂಬತ್ತೈದನೆಯ ಇಸವಿ ಇರಬೇಕು. ಹತ್ತಿಯ ಬೆಳೆ ನೋಡಲು ಬಂದವನು ಬಸವಣ್ಣನ ಗುಡಿಯ ಎದುರಿಗೆ ಮೊಹರಂ ಬೆಂಕಿಯ ಕುಣಿ ಕಂಡು ನಿಂತುಬಿಟ್ಟ. "ಇಲ್ಲಿ ಮುಸ್ಲಿಮರು ಎಷ್ಟು ಜನ?" ಎಂದ. "ಒಂದ ಮನಿ," ಎಂದ ಕಾಕಾ. "ಹಾಗಾದರೆ ಹಬ್ಬ ಮಾಡುವವರು ಯಾರು?" ಎಂದು ಅವನು ಕಣ್ಣು ಅಗಲಿಸಿದ. ಕಾಕಾ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ತರಿಸಿ, ಸುರು ಮಾಡಿದ.

"ನೋಡ್ರಿ, ದೇವರು ಮಸೂತ್ಯಾಗ ಪೆಟಿಗ್ಯಾಗ ಇರ್ತಾವ. ಹಿತ್ತಾಳಿ ಹಸ್ತ. ಪಂಜಾ ಅಂತೀವಿ ನಾವು. ಮೊಹರಂ ಚಂದ್ರ ಕಂಡ ಮ್ಯಾಲ ಇಮಾಮ ತಗದು ತೊಳಿತಾನ. ಕುಣಿ ತೋಡಾಂವ ಗೂಳಪ್ಪ, ಕುರುಬರಾಂವ. ದೇವರ ಹೊರಾವ್ರು ನಾವು. ನಮ್ಮಪ್ಪ ಹೊತ್ತಾನ, ನಮ್ಮ ಮುತ್ಯಾ ಹೊತ್ತಾನ. ಕಡೀ ದಿನ ದೇವರು ಹಳ್ಳಕ್ಕ ಹೋಗೂಮುಂದ ಬಸವಣ್ಣನ ಗುಡಿ ಮುಂದ ನಿಂದರ್ತಾವ, ಅಲ್ಲಿ ಪೂಜಾರಿ ಕಾಯಿ ಒಡೀತಾನ. ಓದೂದು ಇಮಾಮಂದು, ಹೊರೂದು ನಮ್ಮದು. ನಮಗ ಓದಾಕ ಬರಂಗಿಲ್ಲ, ಅವನ ಕೈಲೆ ಹೊರಾಕ ಆಗಂಗಿಲ್ಲ. ಆತಲ್ರಿ."

"ಕೊರಳಲ್ಲಿ ಕೆಂಪು ದಾರ ಹಾಕಿಕೊಂಡವರು?"

"ಅದು ಲಾಡಿ. ಹರಕಿ ಹೊತ್ತಾವ್ರು ಫಕೀರ ಆಗ್ತಾರ. ಕಾಲಾಗ ಚಪ್ಲಿ ಹಾಕಂಗಿಲ್ಲ, ಮನಿಮನಿಗೆ ಭಿಕ್ಷಾ ಬೇಡಬೇಕು. ಗೌಡ್ರ ಮಗಾ ಇದ್ರೂ ಬೇಡಬೇಕು."

"ಅಂದರೆ ಅಷ್ಟು ದಿನ ಅವರು ಮುಸ್ಲಿಮರಾಗುತ್ತಾರೆ."

"ಫಕೀರರಾಗ್ತಾರ್ರಿ."

"ಅದೇ, ಮುಸ್ಲಿಮರು."

"ಅಲ್ರಿ, ಫಕೀರರು," ಎಂದ ಕಾಕಾ, ಮತ್ತು ಮೊದಲಿನಿಂದ ಶುರು ಮಾಡಿದ.

ವರದಿ ಬಂತು. 'ಭೇದವಿಲ್ಲದ ಊರು' ಎಂದು ದಪ್ಪ ಅಕ್ಷರ. ಪಂಜಾ ಹೊತ್ತ ಕಾಕಾನ ಫೋಟೋ, ಕೆಳಗೆ 'ಮುಗ್ಧ ರೈತ' ಎಂಬ ಬಿರುದು. ಕಾಕಾ ಅದನ್ನು ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದ. ಬೀಸಲು ಬಂದವರು ಹಿಟ್ಟು ಬೀಳುವವರೆಗೆ ಅದನ್ನೇ ನೋಡುತ್ತಿದ್ದರು. ಇಮಾಮಹುಸೇನನನ್ನು ಕರೆತಂದು ತೋರಿಸಿದರೆ ಅವನು ಬಹಳ ಹೊತ್ತು ನೋಡಿ "ಹೂಂ" ಅಂದ.

ಆಮೇಲೆ ಊರಿಗೆ ಮಂದಿ ಬರತೊಡಗಿದರು. ಮೊದಲು ಪಟ್ಟಣದಿಂದ ಕುಂಕುಮ ಇಟ್ಟುಕೊಂಡ ಒಂದು ಗುಂಪು ಬಂತು. "ಲಿಂಗ ಕಟ್ಟಿದ ಎದಿ ಮ್ಯಾಲ ಅದನ್ನ ಹೊರ್ತೀರಲ್ಲ, ನಾಚಿಕಿ ಬರಂಗಿಲ್ಲೇನ್ರಿ?" ಎಂದು ಕೇಳಿತು. ಕೆಲವು ದಿನದ ಮೇಲೆ ಗಡ್ಡ ಬಿಟ್ಟ ಇನ್ನೊಂದು ಗುಂಪು ಇಮಾಮಹುಸೇನನ ಮನೆಗೆ ಬಂದು, "ಇದೆಲ್ಲಾ ನಮ್ಮ ಧರ್ಮದಾಗಿಲ್ಲ, ನೀ ಕಾಫಿರರ ಆಟಾ ಆಡ್ಸಾಕತ್ತೀದಿ," ಅಂದಿತು. ಎರಡೂ ಗುಂಪಿನವರ ಅಂಗಿಯ ಜೇಬಿನಲ್ಲಿ ಇದ್ದದ್ದು ಅದೇ ವರದಿಯ ಕತ್ತರಿಸಿದ ತುಂಡು. ನಮ್ಮ ಮೊಹರಂ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ತನ್ನ ಪಾಡಿಗೆ ನಡೆದುಕೊಂಡು ಬಂದಿತ್ತು. ಅದನ್ನು ಹೊಗಳಿ ಬಜಾರಿನಲ್ಲಿಟ್ಟದ್ದೇ ತಡ, ನೊಣ ಮುತ್ತಿದವು.

ಕಾಕಾ ಇಬ್ಬರಿಗೂ ಚಹಾ ಕುಡಿಸಿದ. ಇಬ್ಬರಿಗೂ ಬಿಡಿಸಿ ಹೇಳಿದ. ಅವರು ಕೇಳಿಸಿಕೊಳ್ಳಲು ಬಂದಿಲ್ಲ, ಹೆದರಿಸಲು ಬಂದಿದ್ದಾರೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. "ತಿಳೀದಾವ್ರು ಪಾಪ, ತಿಳಿಸಿ ಹೇಳಬೇಕು," ಅಂದ ನನಗೆ.

ಮರುವರ್ಷ ಗಣಪತಿ ಹಬ್ಬ ಮತ್ತು ಮೊಹರಂ ಒಂದರ ಬೆನ್ನಿಗೊಂದು ಬಂದವು. ನಮ್ಮೂರಲ್ಲಿ ಗಣಪತಿ ಇರುವುದು ಶಾಲೆಯ ಕಪಾಟಿನ ಮೇಲೆ, ಎರಡು ಗೇಣಿನದು. ಅದನ್ನು ನಾನೇ ಕೂಡಿಸಿ ನಾನೇ ಬಾವಿಗೆ ಬಿಡುತ್ತಿದ್ದೆ. ಆದರೆ ಪಟ್ಟಣದ ಕಚೇರಿಯಲ್ಲಿ ಯಾರೋ ಗೋಡೆಯ ನಕ್ಷೆಯಲ್ಲಿ ನಮ್ಮೂರಿನ ಮೇಲೆ ಕೆಂಪು ಚುಕ್ಕೆ ಇಟ್ಟಿದ್ದರು. ಸೂಕ್ಷ್ಮ ಗ್ರಾಮವಂತೆ. ಯಾಕೆ ಸೂಕ್ಷ್ಮ? ಅಲ್ಲಿ ಹಿಂದೂಗಳು ಮುಸ್ಲಿಮರು ಬೆರೆಯುತ್ತಾರೆ ಎಂದು ಪತ್ರಿಕೆಯಲ್ಲಿ ಬಂದಿದೆಯಲ್ಲ, ಅದಕ್ಕೆ. ಸಾಹೇಬರು ಜೀಪಿನಲ್ಲಿ ಬಂದರು. ಯಾವ ಊರಿನ, ಯಾವ ಹುದ್ದೆಯ ಸಾಹೇಬರು ಎಂದು ಹೇಳುವುದಿಲ್ಲ. ಹೇಳಿದರೆ ನನ್ನ ಬಾಯಿ ಹೊಲಸಾಗುತ್ತದೆ. ಜೀಪಿನಿಂದ ಇಳಿಯದೆಯೇ, "ಶಾಂತಿ ಸಭೆ ಇಟ್ಟಿದ್ದೇವೆ. ಎರಡೂ ಕಡೆಯ ಮುಖಂಡರು ಬರಬೇಕು," ಎಂದು ಹೇಳಿ ಹೋದರು.

ಸಂಜೆ ಕಟ್ಟೆಯ ಮೇಲೆ ಊರು ಕೂಡಿತು.

"ಎರಡೂ ಕಡೆ ಅಂದ್ರ ಯಾ ಕಡೆ?" ಎಂದ ಗೂಳಪ್ಪ. ಅವನಿಗೆ ಗೊತ್ತಿದ್ದದ್ದು ಹಳ್ಳದ ಈ ಕಡೆ, ಆ ಕಡೆ.

"ಹಿಂದೂಗೋಳು ಒಂದ್ಕಡೆ, ಮುಸಲರು ಒಂದ್ಕಡೆ," ಎಂದ ಶಂಕ್ರಪ್ಪ. ಈ ಶಂಕ್ರಪ್ಪ ಹತ್ತಿಯ ವ್ಯಾಪಾರದವನು. ಪಟ್ಟಣದ ಬಳಕೆ ಇದ್ದವನು, ಆದ್ದರಿಂದ ಇಂಥವು ಅವನಿಗೆ ಬೇಗ ತಿಳಿಯುತ್ತಿದ್ದವು.

ಎಲ್ಲರೂ ಇಮಾಮಹುಸೇನನ ಕಡೆ ನೋಡಿದರು. ಅವನು ಈ ಸಲ "ಹೂಂ" ಅನ್ನಲಿಲ್ಲ. "ನಾ ಒಬ್ಬಾವ ಹೋಗಿ ಆ ಕಡೆ ಕುಂತ್ರ ಹೆಂಗ ಕಾಣತೈತಿ ಮಡಿವಾಳಾ? ನಾ ಊರ ಮ್ಯಾಲ ಫಿರ್ಯಾದಿ ಕೊಟ್ಟಂಗ ಆಗತೈತಿ," ಅಂದ.

ಕಾಕಾ ತೊಡೆ ತಟ್ಟಿದ. "ಒಬ್ಬಾವ ಯಾಕ ಕೂಡ್ತೀಲೇ? ಈ ಸಲ ಲಾಡಿ ಹಾಕ್ಕೊಂಡಾವ್ರೆಲ್ಲಾ ನಿನ್ನ ಬಾಜು ಕೂಡ್ತಾರ. ಮೊಹರಂ ಮುಗಿಯೂತನಾ ಅವರು ಫಕೀರರ ಹೌದಲ್ಲೋ?"

ಹೌದಲ್ಲ ಅನಿಸಿತು ಎಲ್ಲರಿಗೂ. ನನಗೂ ಅನಿಸಿತು. ನಮ್ಮೂರಲ್ಲಿ ಹುಟ್ಟಿದ್ದರೆ ಯಾರಿಗಾದರೂ ಹಾಗೇ ಅನಿಸುತ್ತಿತ್ತು. ಚಂದ್ರ ಕಂಡು ಆಗಲೇ ಲಾಡಿ ಹಾಕಿಯಾಗಿತ್ತು. ಗೂಳಪ್ಪ, ಶಿದ್ಲಿಂಗಪ್ಪ, ಈರಪ್ಪ, ಮೈಲಾರಪ್ಪ ಆ ವರ್ಷದ ಫಕೀರರು. ಬರಿಗಾಲಲ್ಲಿ ಟ್ರ್ಯಾಕ್ಟರ್ ಏರಿ ಪಟ್ಟಣಕ್ಕೆ ಹೋದೆವು.

ಸಭೆಯ ಕೋಣೆಯಲ್ಲಿ ಎರಡು ಕಡೆ ಬೆಂಚು, ನಡುವೆ ಸಾಹೇಬರ ಮೇಜು. ಮುಂದಿನ ಕುರ್ಚಿಗಳಲ್ಲಿ ಪಟ್ಟಣದ ಇಬ್ಬರು ಮುಂದಾಳುಗಳು, ಈ ಕಡೆಗೊಬ್ಬ, ಆ ಕಡೆಗೊಬ್ಬ. ಇಬ್ಬರೂ ಅಡತಿ ಅಂಗಡಿಯವರು. ಸಭೆಗೆ ಮೊದಲು ಒಂದೇ ತಟ್ಟೆಯಿಂದ ಚೂಡಾ ತಿನ್ನುತ್ತ, ಒಬ್ಬರ ತೊಡೆ ಒಬ್ಬರು ತಟ್ಟುತ್ತ ನಗುತ್ತಿದ್ದರು. ಸಾಹೇಬರು ಬಂದ ಕೂಡಲೇ ಇಬ್ಬರ ಮುಖವೂ ಬಿಗಿಯಿತು. ಹುಬ್ಬಳ್ಳಿಯ ವರದಿಗಾರನೂ ಬಂದಿದ್ದ. ಕಾಕಾನನ್ನು ನೋಡಿ ಹಳೆಯ ನೆಂಟನಂತೆ ಕೈ ಎತ್ತಿದ.

ನಮ್ಮ ಫಕೀರರು ಇಮಾಮಹುಸೇನನ ಆಚೀಚೆ ಎಡಗಡೆಯ ಬೆಂಚಿನ ಮೇಲೆ ಕುಳಿತರು. ಕೊರಳಲ್ಲಿ ಕೆಂಪು ಲಾಡಿ, ಹಣೆಯಲ್ಲಿ ಬೆಳಗಿನ ವಿಭೂತಿ. ಸಾಹೇಬರು ಆ ಕಡೆಯಿಂದ ಹೆಸರು ಕೇಳುತ್ತ ಬಂದರು.

"ಗೂಳಪ್ಪರಿ."

ಸಾಹೇಬರ ಕೈ ನಿಂತಿತು. "ನೀವು ಈ ಕಡೆ ಬನ್ನಿ. ಇದು ಮುಸ್ಲಿಂ ಮುಖಂಡರ ಬೆಂಚು."

"ಹೌದ್ರಿ, ಗೊತ್ತೈತ್ರಿ. ನಾ ಫಕೀರ ಅದೀನ್ರಿ."

ಕೋಣೆಯೆಲ್ಲ ನಕ್ಕಿತು. ವರದಿಗಾರ ನಗುತ್ತಲೇ ಬರೆದುಕೊಂಡ. ಸಾಹೇಬರು ಕೆಂಪಾದರು. "ಏನ್ರೀ ಇದು, ಕಾನೂನು ಸುವ್ಯವಸ್ಥೆ ಅಂದರೆ ನಿಮಗೆ ತಮಾಷೆನಾ? ಮುಸ್ಲಿಮರ ವೇಷ ಹಾಕ್ಕೊಂಡು ಬಂದಿದ್ದೀರಾ?" ಕಾಕಾ ಎದ್ದು ನಿಂತು, ಕೈ ಮುಗಿದು, "ಸಾಹೇಬ್ರ, ಸ್ವಲ್ಪ ಬಿಡಿಸಿ ಹೇಳ್ತೀನ್ರಿ," ಅಂದ. ಪಂಜಾದಿಂದ ಶುರು ಮಾಡಿದ. ಕುಣಿಗೆ ಬರುವಷ್ಟರಲ್ಲಿ ಸಾಹೇಬರು ಗಡಿಯಾರ ನೋಡಿದರು. ಕಾಯಿ ಒಡೆಯುವ ಮಾತಿಗೆ ಬಂದಾಗ ಪಟ್ಟಣದ ಇಬ್ಬರೂ ಮುಂದಾಳುಗಳು ಒಟ್ಟಿಗೇ ಎದ್ದರು.

"ಗುಡಿ ಮುಂದ ಅದನ್ನ ನಿಂದ್ರಸೂದಾ? ನಾವು ಒಪ್ಪಂಗಿಲ್ಲ," ಎಂದ ಒಬ್ಬ.

"ನಮ್ಮ ಹಬ್ಬದಾಗ ಕಾಯಿ ಒಡಿಯೂದಾ? ನಾವೂ ಒಪ್ಪಂಗಿಲ್ಲ," ಎಂದ ಇನ್ನೊಬ್ಬ.

ಇಬ್ಬರೂ ನಮ್ಮೂರಿನ ಧೂಳು ತುಳಿದವರಲ್ಲ. ನಮ್ಮ ಬಸವಣ್ಣನ ಮುಖ ಯಾವ ದಿಕ್ಕಿಗಿದೆ ಎಂದು ಕೇಳಿದ್ದರೆ ತಡವರಿಸುತ್ತಿದ್ದರು. ಆದರೆ ಸಾಹೇಬರ ಮುಖ ಅರಳಿತು. ಕೊನೆಗೂ ಅವರಿಗೆ ಎರಡು ಕಡೆ ಸಿಕ್ಕಿದ್ದವು. ಎರಡು ಕಡೆ ಸಿಕ್ಕರೆ ರಾಜಿ ಮಾಡಿಸಬಹುದು, ರಾಜಿ ಮಾಡಿಸಿದರೆ ಮೇಲಿನವರಿಂದ ಶಭಾಸ್‌ಗಿರಿ. ಅಲ್ಲೇ ಹುಕುಂ ಆಯಿತು. ದೇವರು ಗುಡಿಯ ಮುಂದೆ ಹಾಯುವಂತಿಲ್ಲ. ಮುಸ್ಲಿಮರ ದೇವರನ್ನು ಮುಸ್ಲಿಮರೇ ಹೊರಬೇಕು. ಪಟ್ಟಣದ ಇಬ್ಬರೂ ತಾವು ಗೆದ್ದೆವೆಂದು ಎದೆ ಸೆಟೆಸಿದರು.

ಇಮಾಮಹುಸೇನ ಮೆಲ್ಲಗೆ ಎದ್ದ. "ದೇವರು ಮೂರು ಅದಾವ್ರಿ. ನಾ ಒಬ್ಬಾವ ಹೆಂಗ ಹೊರ್ಲಿ?"

"ಚಿಂತೆ ಬೇಡ. ಪಟ್ಟಣದಿಂದ ನಿಮ್ಮ ಜನ ಬರುತ್ತಾರೆ," ಎಂದರು ಸಾಹೇಬರು.

ಅವನಿಗೆ ಅರ್ಥವಾಗಲಿಲ್ಲ. ಆಚೀಚೆ ಕುಳಿತಿದ್ದ ಗೂಳಪ್ಪನನ್ನೂ ಶಿದ್ಲಿಂಗಪ್ಪನನ್ನೂ ನೋಡಿ, "ನಮ್ಮ ಮಂದಿ ಇಲ್ಲೇ ಕುಂತಾರಲ್ರಿ," ಅಂದ. ಮತ್ತೆ ನಗು. ಆ ನಗು ಇವತ್ತಿಗೂ ಕಿವಿಯಲ್ಲಿದೆ. ಅದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಉಗುಳಬೇಕೆನಿಸುತ್ತದೆ.

ಕಡೆಯ ದಿನ ಶಾಲೆಯ ಮುಂದೆ ಪೊಲೀಸ್ ವ್ಯಾನು ನಿಂತಿತು. ನಮ್ಮೂರಿಗೆ ಅದು ಮೊದಲ ವ್ಯಾನು. ಕೂಸು ಎತ್ತಿಕೊಂಡ ಹೆಂಗಸರು ಸಕ್ಕರೆಯ ಪೊಟ್ಟಣ ಹಿಡಿದು ಮಸೂತಿಯ ಮುಂದೆ ನಿಂತಿದ್ದರು. ಗೂಳಪ್ಪ ಕುಣಿಯಲ್ಲಿ ಕಟ್ಟಿಗೆ ಒಟ್ಟಿದ್ದ. ಮೈಮುನಬಿ ಎರಡು ದಿನದಿಂದ ಮೊಹರಂನ ಸಿಹಿರೊಟ್ಟಿ ಚೊಂಗೆ ಮಾಡಿ ಬುಟ್ಟಿ ತುಂಬಿಸಿದ್ದಳು. ಇಮಾಮಹುಸೇನ ತೊಳೆದು, ಹೊಸ ಬಟ್ಟೆ ಸುತ್ತಿದ ಪಂಜಾ ಹಿಡಿದು ಹೊಸ್ತಿಲಲ್ಲಿ ಕಾಯುತ್ತಿದ್ದ. ಪಟ್ಟಣದಿಂದ ಟೆಂಪೋದಲ್ಲಿ ಬಂದ ಹುಡುಗರು ಇಳಿದು, ನೋಡಿ, ತಮ್ಮಲ್ಲೇ ಮಾತಾಡಿಕೊಂಡರು. ಅವರಲ್ಲಿ ಹಿರಿಯ ಅನಿಸಿಕೊಂಡವನು, "ಇದನ್ನ ನಾವು ಹೊರಂಗಿಲ್ಲ. ನಮ್ಮಾಗ ಇದು ತಪ್ಪು," ಅಂದ.

ಹೊರಲು ಬಂದವರು ಹೊರಲಿಲ್ಲ. ಹೊರುವವನು ಕೈಯಳತೆಯಲ್ಲಿ ನಿಂತಿದ್ದ, ಮಿಂದು, ಬಿಳಿ ಧೋತರ ಉಟ್ಟು. ಕಾಕಾ ಒಂದು ಹೆಜ್ಜೆ ಮುಂದಿಟ್ಟ. ಪೊಲೀಸನೊಬ್ಬ ಲಾಠಿ ಅಡ್ಡ ಹಿಡಿದ.

"ತಮ್ಮಾ, ನಿನಗ ತಿಳಿದಿಲ್ಲ, ಇದು ಹೆಂಗ ಐತಿ ಅಂದ್ರ," ಎಂದು ಕಾಕಾ ಬಿಡಿಸಿ ಹೇಳಲು ಸುರು ಮಾಡಿದ.

"ನನಗ ತಿಳಿತೈತ್ರಿ ಯಜಮಾನ್ರ," ಎಂದ ಆ ಪೊಲೀಸ. "ನಮ್ಮದು ಕುಂದಗೋಳ ಕಡೆ. ನಮ್ಮೂರಾಗೂ ಹಿಂಗ ಮಾಡ್ತೀವಿ. ಹುಕುಂ ಐತ್ರಿ, ನಾ ಏನ್ ಮಾಡ್ಲಿ?"

ಇಮಾಮಹುಸೇನ ಒಳಗೆ ಹೋಗಿ ದೇವರನ್ನು ಪೆಟ್ಟಿಗೆಯಲ್ಲಿಟ್ಟ. ಟೆಂಪೋದ ಹುಡುಗರು ಮೈಮುನಬಿಯ ಬುಟ್ಟಿಯಿಂದ ಚೊಂಗೆ ತಿಂದು, ಕೈ ಒರೆಸಿಕೊಂಡು ಹೋದರು. ಅದು ಅವರ ಧರ್ಮದಲ್ಲಿತ್ತು ಅಂತ ಕಾಣುತ್ತದೆ. ಮರುದಿನ ಹುಬ್ಬಳ್ಳಿಯ ಪತ್ರಿಕೆಯಲ್ಲಿ ಒಂದು ಸಾಲು ಬಂತು: 'ಮೊಹರಂ ಎಲ್ಲೆಡೆ ಶಾಂತಿಯುತ.'

ಪಟ್ಟಣದವರನ್ನು ಬೈದರೆ ಸಾಲದು. ನಮ್ಮೂರಿನ ಮಂದಿಯನ್ನು ಯಾರಾದರೂ ಮುಗ್ಧರು ಎಂದರೆ ನನಗೆ ನಗು ಬರುತ್ತದೆ. ಸುಗ್ಗಿ ಬಂತು. ಇಮಾಮಹುಸೇನ ಚೀಲ ಹೆಗಲಿಗೆ ಹಾಕಿಕೊಂಡು ಎಂದಿನಂತೆ ಕಣಗಳಿಗೆ ಹೋದ. ಶಂಕ್ರಪ್ಪನ ಕಣದಲ್ಲಿ ಅವನಿಗೆ ಸಿಕ್ಕಿದ್ದು ಮಾತು.

"ದೇವರು ಹೊರಗ ಬರ್ಲಿಲ್ಲ. ಆಯಾ ಯಾತರದ್ದು ಮುಲ್ಲಾ?"

ಈ ನ್ಯಾಯ ಎಷ್ಟು ಸಲೀಸಾಗಿ ಊರಿನ ಬಾಯಿಗೆ ಹತ್ತಿತೆಂದರೆ, ವಾರದೊಳಗೆ ಮುಖ ತಪ್ಪಿಸುವವರೇ ಜಾಸ್ತಿಯಾದರು. ಒಬ್ಬನ ಕಣ ಇನ್ನೂ ಆಗಿಲ್ಲ, ಇನ್ನೊಬ್ಬನ ಜೋಳಕ್ಕೆ ಹುಳ ಬಿದ್ದಿದೆ, ಮತ್ತೊಬ್ಬ ಮನೆಯಲ್ಲೇ ಇಲ್ಲ. ಅವರ ಕೂಸುಗಳಿಗೆ ಸಕ್ಕರೆ ಓದಿಕೊಟ್ಟ ಬಾಯಿ ಅದು. ದುರ್ಗವ್ವನ ಕುರಿ ಕೊಯ್ಯಲು ಶಂಕ್ರಪ್ಪನೇ ಪಕ್ಕದೂರಿನಿಂದ ಬೇರೊಬ್ಬನನ್ನು ಕರೆಸಿದ. ಕಾಕಾ, ಗೂಳಪ್ಪ, ನಾವೊಂದಿಷ್ಟು ಮನೆಯವರು ಅಳೆದುಕೊಟ್ಟೆವು. ಅಷ್ಟರಿಂದ ಸಂಸಾರ ನಡೆಯುವಂತಿರಲಿಲ್ಲ. ನಡೆದರೂ ಅವನು ಇರುತ್ತಿರಲಿಲ್ಲ. ಅಷ್ಟು ವರ್ಷ ಆಯ ಒಯ್ದವನಿಗೆ ಭಿಕ್ಷೆ ಒಯ್ಯಲು ಬರುವುದಿಲ್ಲ.

ಮಳೆಗಾಲಕ್ಕೆ ಮೊದಲು ಅವರು ಹುಬ್ಬಳ್ಳಿಗೆ ಹೊರಟರು. ಅಲ್ಲಿ ಮೈಮುನಬಿಯ ತಮ್ಮನಿದ್ದ. ಗಾಡಿಗೆ ಸಾಮಾನು ಹೇರುವಾಗ ಕಾಕಾ ಗಾಲಿಯ ಮುಂದೆ ಕುಳಿತುಬಿಟ್ಟ. "ನಾ ಹೋಗಿ ಸಾಹೇಬ್ರಿಗೆ ಮತ್ತೊಮ್ಮಿ ಕುಂತು ತಿಳಿಸಿ ಹೇಳ್ತೀನಿ. ಹುಕುಂ ತಗಸ್ತೀನಿ. ಒಂದ ವರ್ಷ ತಡಿಯೋ ಇಮಾಮಾ," ಅಂದ. ಇಮಾಮಹುಸೇನ ಮಸೂತಿಯ ಕೀಲಿಯನ್ನು ಅವನ ಕೈಯಲ್ಲಿಟ್ಟ.

ಮಾತಾಡಿದವಳು ಮೈಮುನಬಿ. "ಭಾವಾರ, ನೀವು ಬಂದಬಂದಾವ್ರಿಗೆಲ್ಲಾ ತಿಳಿಸಿ ಹೇಳಿದ್ರಿ. ಅವರಿಗೆ ತಿಳೀತ್ರಿ. ಏಳ್ರಿ, ಗಾಡಿ ಹೋಗಲಿ."

ಕಾಕಾ ಎದ್ದ.

ಅಷ್ಟಾದರೂ ಅವನಿಗೆ ಬುದ್ಧಿ ಬರಲಿಲ್ಲ ಎಂದೇ ಹೇಳಬೇಕು. ಗುರುವಾರಕ್ಕೊಮ್ಮೆ ಮಸೂತಿ ತೆರೆದು, ಕಸ ಗುಡಿಸಿ, ಲೋಬಾನ ಹಾಕಿ ಬರುತ್ತಿದ್ದ. ಹುಕುಂ ತೆಗೆಸಿದರೆ ಇಮಾಮ ಬಂದೇ ಬರುತ್ತಾನೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಪಟ್ಟಣಕ್ಕೆ ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕಾದ. ಸಾಹೇಬರು ಮೀಟಿಂಗಿನಲ್ಲಿರುತ್ತಿದ್ದರು. ಮತ್ತೊಂದು ಮೊಹರಂ ಬಂತು, ಹೋಯಿತು. ಪೆಟ್ಟಿಗೆ ತೆರೆಯಲಿಲ್ಲ. ಹುಕುಂ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ. ಓದುವವನು ಇಲ್ಲದೆ ಹೊರುವುದಾದರೂ ಏನನ್ನು?

ನವೆಂಬರಿನಲ್ಲಿ ಜೀಪು ತಾನಾಗಿಯೇ ಊರಿಗೆ ಬಂತು. ಅದೇ ಸಾಹೇಬರು, ಅದೇ ವರದಿಗಾರ. ಈ ಸಲ ಕೈಯಲ್ಲಿ ಶಾಲು, ಹಾರ, ಒಂದು ಬಿಳಿ ಟೋಪಿ. ಭಾವೈಕ್ಯದ ಸಪ್ತಾಹವಂತೆ. ಎರಡು ಹಬ್ಬ ಒಟ್ಟಿಗೆ ಬಂದರೂ ಒಂದು ಕಲ್ಲೂ ಬೀಳದ ಊರೆಂದು ನಮ್ಮನ್ನು ಆರಿಸಿದ್ದರಂತೆ. ಮೇಲಿನವರಿಗೆ ಕಳಿಸಲು ಒಂದು ಫೋಟೋ ಬೇಕಿತ್ತು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ, ಮಸೂತಿಯ ಮುಂದೆ ಜೋಡಿ ನಿಂತದ್ದು.

"ಊರಾಗ ಈಗ ಮುಸಲರು ಯಾರೂ ಇಲ್ರಿ," ಎಂದೆ ನಾನು.

ಸಾಹೇಬರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಏನಂದರು ಎಂಬುದನ್ನು ಇದ್ದಂತೆ ಬರೆಯುತ್ತೇನೆ, ಒಂದು ಅಕ್ಷರವೂ ನನ್ನದಲ್ಲ. "ಅವತ್ತು ಬಂದಿದ್ದರಲ್ಲ, ನಿಮ್ಮ ಆ ಫಕೀರರು. ಅವರಲ್ಲಿ ಒಬ್ಬನಿಗೆ ಟೋಪಿ ಹಾಕಿಸಿ ನಿಲ್ಲಿಸಿ."

ಗೂಳಪ್ಪ ಅಲ್ಲೇ ಇದ್ದ. ಟೋಪಿಯನ್ನು ನೋಡಿದ, ಸಾಹೇಬರನ್ನು ನೋಡಿದ, "ನನ್ನ ಕುರಿ ಹೊಲಾ ಹೊಕ್ಕಾವ್ರಿ," ಎಂದು ಹೇಳಿ ಹೊರಟುಹೋದ. ಕುರಿಗಳು ದಡ್ಡಿಯಲ್ಲೇ ಇದ್ದವು. ಟೋಪಿ ಹಾಕಿಕೊಳ್ಳಲು ಮುಂದೆ ಬಂದವನು ಶಂಕ್ರಪ್ಪ. ಹೌದು, ಅದೇ ಶಂಕ್ರಪ್ಪ. ಶಾಲು ಹೊದಿಸುತ್ತಾರೆಂದರೆ ಅವನು ಏನನ್ನಾದರೂ ತಲೆಗೆ ಹಾಕಿಕೊಳ್ಳುವ ಮನುಷ್ಯ.

ಕಾಕಾನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಜೀಪಿನ ಸದ್ದು ಕೇಳಿ ಹೊಲದಿಂದ ಓಡಿಬಂದಿದ್ದ. ಸಾಹೇಬರು ಊರಿಗೇ ಬಂದಿದ್ದಾರೆ, ಇನ್ನೇನು ಬೇಕು ಎಂದು ಅವರ ಮುಂದೆ ನಿಂತು, ಬೆರಳಿನಿಂದ ಮಸೂತಿಯ ಬೀಗ ತೋರಿಸುತ್ತ, ಬಿಡಿಸಿ ಹೇಳತೊಡಗಿದ. "ಸಾಹೇಬ್ರ, ನೋಡ್ರಿ, ಬೀಗ ಬಿದ್ದೈತಿ. ನೀವು ಒಂದ ಮಾತ ಹೇಳಿದ್ರ ಇಮಾಮ ತಿರುಗಿ ಬರ್ತಾನ. ಅವಾ ಓದಾಂವ್ರಿ, ನಾವು ಹೊರಾವ್ರು." ವರದಿಗಾರ, "ಹಾಂ, ಹೇಳ್ರಿ, ಹೇಳ್ರಿ, ಈ ಕಡೆ ನೋಡಿ ಹೇಳ್ರಿ," ಎನ್ನುತ್ತ ಹಿಂದೆ ಸರಿದ. ಶಂಕ್ರಪ್ಪ ಯಾವಾಗ ಬಂದು ಪಕ್ಕದಲ್ಲಿ ನಿಂತನೋ ಕಾಕಾ ನೋಡಲೇ ಇಲ್ಲ. ಕ್ಯಾಮೆರಾ ಮಿಂಚಿತು. ಸಾಹೇಬರು ಕಾಕಾನ ಬೆನ್ನು ತಟ್ಟಿ, "ನೋಡೋಣ, ನೋಡೋಣ," ಎಂದು ಜೀಪು ಹತ್ತಿದರು.

ಪತ್ರಿಕೆಯಲ್ಲಿ ಬಂದ ಆ ಫೋಟೋದಲ್ಲಿ ಬೀಗ ಇಲ್ಲ, ಅಂಚಿಗೆ ಕತ್ತರಿಸಿ ಹೋಗಿದೆ. ಕಾಕಾ ಬಾಯಿ ತೆರೆದು ಮಾತಾಡುತ್ತಿದ್ದದ್ದು ಬಾಯಿ ತುಂಬ ನಗುತ್ತಿರುವಂತೆ ಬಂದಿದೆ. ಶಂಕ್ರಪ್ಪನ ಮುಖ ಮಸಿ ಮೆತ್ತಿ ಗುರುತು ಸಿಗುವುದಿಲ್ಲ, ಟೋಪಿ ಮಾತ್ರ ಸ್ಪಷ್ಟ. ಕೆಳಗೆ, 'ಭೇದವಿಲ್ಲದ ಊರಿನ ಹಿಂದೂ-ಮುಸ್ಲಿಂ ಬಾಂಧವರು.' ಪಂಚಾಯತಿಯವರು ಅದಕ್ಕೆ ಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದ್ದಾರೆ. ನಾನು ಆ ಕಡೆ ಹೋಗಬೇಕಾದರೆ ನೆಲ ನೋಡಿಕೊಂಡು ಹೋಗುತ್ತೇನೆ.

ಆ ಸುಗ್ಗಿಯಲ್ಲಿ ಕಾಕಾ ತನ್ನ ಕಣದ ಮೊದಲ ಚೀಲ ಜೋಳ ಬಸ್ಸಿನ ಮೇಲೆ ಹಾಕಿಸಿಕೊಂಡು ಹುಬ್ಬಳ್ಳಿಗೆ ಹೊರಟ, ಇಮಾಮಹುಸೇನನ ಆಯ ಮುಟ್ಟಿಸಲು. ನಾನೂ ಜೊತೆಗೆ ಹೋದೆ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ತಗಡಿನ ಮನೆ. ಇಮಾಮಹುಸೇನ ಕಟ್ಟಿಗೆಯ ಅಡ್ಡೆಯೊಂದರಲ್ಲಿ ಕಾವಲಿಗಿದ್ದ. ಕಣ್ಣಿಗೆ ಪೊರೆ ಬಂದಿತ್ತು. ಕಾಕಾನ ದನಿ ಕೇಳಿ ಎದ್ದು ಬಂದು, ಅವನ ಎರಡೂ ಕೈ ಹಿಡಿದು ಕೂಡಿಸಿದ. ಮೈಮುನಬಿ ಜೋಳವನ್ನು ಬೊಗಸೆಯಲ್ಲಿ ತೆಗೆದು ಮೂಸಿ ನೋಡಿ, ಒಳಗೆ ಚಹಾ ಮಾಡಲು ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಇಮಾಮಹುಸೇನ ಹಾಸಿಗೆಯ ಕೆಳಗಿನಿಂದ ಮಡಚಿಟ್ಟ ಒಂದು ಪತ್ರಿಕೆಯ ಹಾಳೆ ತೆಗೆದ. ಭಜಿ ಕಟ್ಟಿ ಬಂದದ್ದಂತೆ, ಎಣ್ಣೆಯ ಕಲೆ ಇತ್ತು. ಕನ್ನಡ ಅಕ್ಷರ ಓದಲು ಅವನಿಗೆ ಬರುತ್ತಿರಲಿಲ್ಲ. ಮಸೂತಿಯ ಬಾಗಿಲಿನ ಗುರುತು ಹಿಡಿದು ಇಟ್ಟುಕೊಂಡಿದ್ದ. ಕಣ್ಣಿನ ಹತ್ತಿರ ತಂದು, ಬೆರಳಿಟ್ಟು ಕೇಳಿದ.

"ನೀ ನಗಾಕತ್ತಿದ್ದು ಕಂಡು ಜೀವಾ ತಣ್ಣಗಾತು ಮಡಿವಾಳಾ. ನಿನ್ನ ಬಾಜು ಈ ಟೊಪಗಿ ಹಾಕ್ಕೊಂಡಾವ ಯಾರು? ಊರಿಗೆ ಹೊಸಾ ಮುಲ್ಲಾನ್ನ ತಂದ್ರಿ ಹೌದಿಲ್ಲೋ?"

ಕಾಕಾನ ಬಾಯಿ ತೆರೆಯಿತು. ನಾನು ಕಾದೆ. ಸಭೆ, ಹುಕುಂ, ಶಾಲು, ಶಂಕ್ರಪ್ಪ, ಎಲ್ಲ ಬಿಡಿಸಿ ಹೇಳುತ್ತಾನೆ ಎಂದುಕೊಂಡೆ. ಇಮಾಮಹುಸೇನ ತಾನೇ ಮುಂದುವರಿಸಿದ. "ಚೊಲೋ ಆತು ಬಿಡು. ದೀಪಾ ಹಚ್ಚಾಕ ಒಬ್ಬಾವ ಬೇಕಲ್ಲ. ಓದಿಕಿ ಚೊಲೋ ಮಾಡ್ತಾನೇನು ಅವಾ? ಕೂಸುಗೋಳು ಅವನ ಕಡೆ ಹೋಗ್ತಾವೇನು?"

"ನನಗೇನೂ ಗೊತ್ತಿಲ್ಲೋ ಇಮಾಮಾ," ಅಂದ ಕಾಕಾ.

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮೈಮುನಬಿ ಚಹಾ ತಂದಳು. ಗಂಡನ ಕೈಯಿಂದ ಹಾಳೆ ತೆಗೆದುಕೊಂಡು, ಅದರ ಕಡೆ ನೋಡದೆ, ಒಲೆಯ ಹತ್ತಿರ ಇಟ್ಟಳು. ಅವಳ ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದವು, ಶಂಕ್ರಪ್ಪನ ಗುರುತು ಅವಳಿಗೆ ಎಂದೋ ಸಿಕ್ಕಿತ್ತು. ನಾವು ಚಹಾ ಕುಡಿದು ಸಂಜೆಯ ಬಸ್ಸಿಗೆ ಊರಿಗೆ ಬಂದೆವು. ಬಸ್ಸಿನಲ್ಲಿ ಪಕ್ಕ ಕುಳಿತವನು ಇದು ಯಾವ ಊರು ಎಂದು ಕೇಳಿದ್ದಕ್ಕೂ ಕಾಕಾ ಉತ್ತರ ಕೊಡಲಿಲ್ಲ.